ಗಂಗಕ್ಕನಿಗೆ ಕೇಳಿದ ಗಾಳಿ

ಅಂದು ನಸುಕಿನಲ್ಲಿ ಎಮ್ಮೆ ಹಿಂಡಿದೆ, ಅಂಗಳ ಸಾರಿಸಿದೆ, ಜೋಳ ಹಸನು ಮಾಡಿದೆ, ಸಾಬೂನಿನ ನೀರಿನಲ್ಲಿ ಎರಡು ಕೌದಿ ನೆನೆಹಾಕಿದೆ. ಇಷ್ಟು ಕೆಲಸ ಇದ್ದವಳಿಗೆ ಪವಾಡ ನಂಬಲು ಪುರುಸೊತ್ತೆಲ್ಲಿ? ಯಾರಾದರೂ ಹೇಳಿದರೆ ಸೆರಗಿನೊಳಗೆ ನಗುತ್ತಿದ್ದೆ.

ಅರವತ್ತರ ದಶಕದ ಮಾತು. ತಿಳವಳ್ಳಿಯಲ್ಲಿ ನಮ್ಮ ಮನೆ ಬಸ್ಸು ನಿಲ್ಲುವಲ್ಲಿಯೇ ಇತ್ತು. ಯಜಮಾನರು ಹಾನಗಲ್ ಬಸ್ಸಿನ ಡ್ರೈವರ್. ಅವರ ಅಕ್ಕ ಗಂಗಕ್ಕ ನಮ್ಮ ಜೊತೆಗಿದ್ದಳು. ಸಣ್ಣವಳಿದ್ದಾಗ ಜ್ವರ ಬಂದು ಅವಳ ಎರಡೂ ಕಿವಿ ಹೋಗಿದ್ದವು, ಮಾತು ಉಳಿದಿತ್ತು. ಬೆನ್ನ ಹಿಂದೆ ತಾಮ್ರದ ಕೊಡ ಬಿದ್ದರೂ ತಿರುಗುತ್ತಿರಲಿಲ್ಲ. ಹಾಗಾಗಿ ಒಲೆ ಊದುತ್ತ ನಾನು ಅವಳಿಗೆ ಬಾಯಿಗೆ ಬಂದದ್ದು ಅನ್ನುತ್ತಿದ್ದೆ. 'ಕೂಳಿಗೆ ದಂಡ, ಭೂಮಿಗೆ ಭಾರ' ಅಂತ ಕೂಡ.

ಅಂದು ಮಧ್ಯಾಹ್ನ ಯಜಮಾನರು ಬೆವರುತ್ತ ಬಂದರು. ಹೊಸ ಬಸ್ಸಿನ ಗಾಳಿ ಬ್ರೇಕು ಹಿಡಿಯುತ್ತಿಲ್ಲ, ಬ್ರೇಕಿಗೆಂದು ಟಾಕಿಯಲ್ಲಿ ತುಂಬಿಟ್ಟ ಗಾಳಿ ಎಲ್ಲೋ ಸೋರುತ್ತಿದೆ, ಸಾಬೂನಿನ ನೊರೆ ಬೇಕು ಅಂದರು. ಕೌದಿಯ ನೀರನ್ನೇ ಒಯ್ದು ಕೊಟ್ಟೆ. ಪೈಪಿನ ಜೋಡಣೆಗಳಿಗೆಲ್ಲ ನೊರೆ ಬಳಿದರು. ಸೋರುವ ಕಡೆ ಗುಳ್ಳೆ ಏಳಬೇಕು. ಎಲ್ಲೂ ಏಳಲಿಲ್ಲ. ಎಂಜಿನ್ನಿನ ಗದ್ದಲದಲ್ಲಿ ಸಪ್ಪಳವೂ ಸಿಗುತ್ತಿರಲಿಲ್ಲ.

"ಬಸ್ಸಿಗೆ ಕ್ಷೌರ ಮಾಡಾಕತ್ತೀರೇನ್ರಿ?" ಅಂದ ಕಂಡಕ್ಟರ್. ಮಂದಿ ನಕ್ಕರು.

ಆಗ ನಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಗಂಗಕ್ಕ, "ತಮ್ಮಾ, ಬುಸ್ ಅನ್ನಾಕತ್ತೈತಲ್ಲೋ. ಹಿಂದಿನ ಗಾಲಿ ಮ್ಯಾಲೆ, ಎಡಗಡೆ," ಅಂದಳು.

ಮಂದಿ ಇನ್ನೂ ನಕ್ಕರು. ನನಗೆ ತಲೆ ತಗ್ಗಿಸುವಂತಾಯಿತು. ಅವಳ ಬೆನ್ನ ಹಿಂದೆ ನಿಂತು, "ಸುಮ್ನ ಕುಂದ್ರಬಾರದಾ, ಕಿವುಡಿ," ಎಂದು ಗೊಣಗಿದೆ. ಮೊರದ ಮೇಲಿನ ಅವಳ ಕೈ ತುಸು ನಿಂತಿತು.

ಯಜಮಾನರು ಅವಳು ಹೇಳಿದಲ್ಲಿಗೇ ನುಸುಳಿದರು. ಯಾರೂ ನೊರೆ ಹಚ್ಚದ ಮೂಲೆಯಲ್ಲಿ ಪೈಪು ಕೂದಲೆಳೆಯಷ್ಟು ಸೀಳಿತ್ತು. ನೊರೆ ತಾಗಿದ್ದೇ ತಡ, ಗುಳ್ಳೆ ಉಬ್ಬಿತು.

"ಅಕ್ಕಾ, ನಿನಗ ಹೆಂಗ ಕೇಳಿಸ್ತು?"

ಅವಳು ತಮ್ಮನ ಬಾಯಿಯನ್ನೇ ನೋಡಿದಳು, ಅವರಂದದ್ದು ತಿಳಿದಂತೆ ಕಾಣಲಿಲ್ಲ. ಮೊರದಲ್ಲಿನ ಸಣ್ಣ ಕಲ್ಲು ತೋರಿಸಿ, "ಹಳ್ಳು ಭಾಳ ಅದಾವ," ಅಂದಳು.

ನೆಲದ ನಡುಕದಿಂದ ತಿಳಿದಿರಬೇಕು ಅಂದರು ಕೆಲವರು. ಅಷ್ಟು ದೊಡ್ಡ ಎಂಜಿನ್ನು ನಡುಗುವಾಗ ಕೂದಲೆಳೆಯ ಸೀಳು ಎಡಕ್ಕಿದೆ ಅಂತ ನೆಲ ಹೇಳೀತೆ? ಮುಂದೆಂದೂ ಅವಳಿಗೆ ಏನೂ ಕೇಳಿದ ಗುರುತು ಕಾಣಲಿಲ್ಲ. ನನ್ನನ್ನು ಇಂದಿಗೂ ತಿನ್ನುವುದು ಒಂದೇ: ಆ ಸಣ್ಣ ಗಾಳಿ ಕೇಳಿದ ಕಿವಿಗೆ ನನ್ನ ಮಾತು ಕೇಳಿರಲಿಲ್ಲವೇ?

ರಾತ್ರಿ ಅವಳು ಆರಿಸಿದ ಅಕ್ಕಿಯ ಅನ್ನ, ಹುರುಳಿ ಸಾರು. ಅವಳ ತಾಟಿಗೆ ತುಪ್ಪ ಹಾಕಿದೆ. "ಯಾಕವಾ, ಇವತ್ತೇನು ಹಬ್ಬ?" ಅಂದಳು. ದೀಪ ಆರಿಸಿದ ಮೇಲೆ ಅವಳ ಬೆನ್ನಿಗೆ, ಬಲು ಸಣ್ಣಗೆ, "ಅಕ್ಕಾ, ತಪ್ಪಾತು," ಅಂದೆ. ಅವಳು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು. ಮೊದಲು ನಿದ್ದೆ ಹೋದವರು ಯಜಮಾನರು. ಅವಳಿಗೆ ಯಾವಾಗ ನಿದ್ದೆ ಹತ್ತಿತೋ, ಎಚ್ಚರವೇ ಇದ್ದ ನನಗೆ ತಿಳಿಯಲಿಲ್ಲ.