ಲೆಕ್ಕಕ್ಕೆ ಸಿಗದ ನೂರು ಲೀಟರ್

ಆಸ್ಪತ್ರೆಯಿಂದ ನಿವೃತ್ತರಾಗಿ ಎಂಟು ತಿಂಗಳಾದರೂ ಬೀದಿಯವರಿಗೆ ಅವರು ಸಿಸ್ಟರೇ. ಗಂಡ ಕೂಡ ಹಾಗೇ ಕರೆಯುತ್ತಿದ್ದರು. ಮದುವೆಯ ಹೊಸತರಲ್ಲಿ ತಮಾಷೆಗೆ ಶುರುವಾದದ್ದು ಆಮೇಲೆ ಬಾಯಿಗೆ ಅಂಟಿಕೊಂಡಿತ್ತು. ಮೂವತ್ತೆಂಟು ವರ್ಷ ವಾರ್ಡು ಆಳಿದ ಹೆಂಗಸಿಗೆ ಮನೆಯಲ್ಲಿ ಸಿಕ್ಕ ಪ್ರಜೆಗಳು ಇಬ್ಬರೇ: ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ಗಂಡ, ಎಂಬತ್ತು ದಾಟಿದ ಅತ್ತೆ. ಇಬ್ಬರಿಗೂ ಜ್ವರವಿಲ್ಲ, ಕೆಮ್ಮಿಲ್ಲ. ಸಿಸ್ಟರಿಗೆ ಕೈ ಕಟ್ಟಿ ಹಾಕಿದಂತಾಗಿತ್ತು.

ಹೀಗಿರುವಾಗ ನೀರಿನ ಕಚೇರಿಯಿಂದ ಒಂದು ನೋಟೀಸು ಬಂತು. ನಿಮ್ಮ ಮನೆ ಮೂರು ಜನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ನೀರು ಬಳಸುತ್ತಿದೆ, ತಿಂಗಳೊಳಗೆ ಕಡಿಮೆ ಮಾಡದಿದ್ದರೆ ದಿನ ಬಿಟ್ಟು ದಿನ ನೀರು ಬಿಡುತ್ತೇವೆ ಎಂದು. ಬೇರೆಯವರಾಗಿದ್ದರೆ ಕಚೇರಿಯವರಿಗೆ ನಾಲ್ಕು ಬೈಗುಳ ಬೈದು ಸುಮ್ಮನಾಗುತ್ತಿದ್ದರು. ಸಿಸ್ಟರ ಮುಖ ಅರಳಿತು. ಅಂತೂ ಒಂದು ರೋಗಿ ಸಿಕ್ಕಿತ್ತು. ಮನೆಯೇ ರೋಗಿ.

ಮಾರನೆಯ ಬೆಳಿಗ್ಗೆ ಫ್ರಿಜ್ಜಿನ ಬಾಗಿಲಿಗೆ ಚಾರ್ಟ್ ಅಂಟಿತು. ರೋಗಿ ಎಷ್ಟು ಕುಡಿದ, ಅವನಿಂದ ಎಷ್ಟು ಹೊರಗೆ ಹೋಯಿತು ಎಂದು ವಾರ್ಡಿನಲ್ಲಿ ಬರೆದಿಡುತ್ತಾರಲ್ಲ, ಅದೇ ಚಾರ್ಟ್. ಒಳಗೆ ಬಂದದ್ದನ್ನು ಗೇಟಿನ ಪಕ್ಕದ ಮೀಟರ್ ಹೇಳುತ್ತಿತ್ತು. ಹೊರಗೆ ಹೋದದ್ದನ್ನು ಮನೆಯವರು ಬರೆಯಬೇಕು. ಸ್ನಾನ ಒಂದೂವರೆ ಬಕೆಟ್, ಪಾತ್ರೆಗೆ ಎರಡು ಬೇಸಿನ್, ಫ್ಲಷ್ ಮಾಡಿದರೆ ಸಲಕ್ಕೊಂದು ಗೀಟು.

"ರೀ, ಬೆಳಿಗ್ಗೆಯಿಂದ ಎಷ್ಟು ಸಲ ಫ್ಲಷ್ ಮಾಡಿದ್ರಿ?" ಎಂದು ಸಿಸ್ಟರ್ ಗಿರಾಕಿಯ ಎದುರಿಗೇ ಕೇಳಿದರು.

ಗಿರಾಕಿಯ ತೋಳಿನ ಅಳತೆ ಹಿಡಿದಿದ್ದ ಗಂಡ ನಾಚಿಕೆಯಿಂದ ನೆಲ ನೋಡಿದರು. "ಮೂರು" ಎಂದರು ಮೆಲ್ಲಗೆ. ಆ ಗಿರಾಕಿಯ ತೋಳಿನುದ್ದ ಅಳತೆ ಪುಸ್ತಕದಲ್ಲಿ ಇವತ್ತಿಗೂ ಮೂರು ಇಂಚು ಎಂದೇ ಇದೆ.

ವಾರದಲ್ಲಿ ನೀರಿನ ಖರ್ಚೇನೋ ಇಳಿಯಿತು, ಆದರೆ ಲೆಕ್ಕ ಕೂಡಲಿಲ್ಲ. ಬಂದದ್ದಕ್ಕೂ ಹೋದದ್ದಕ್ಕೂ ದಿನಕ್ಕೆ ನೂರು ಲೀಟರ್ ವ್ಯತ್ಯಾಸ. ವಾರ್ಡಿನಲ್ಲಾದರೆ ಇದಕ್ಕೆ ಎರಡೇ ಕಾರಣ: ರೋಗಿಯ ಕಿಡ್ನಿ ಕೆಟ್ಟಿರಬೇಕು, ಇಲ್ಲವೇ ಯಾರೋ ಸುಳ್ಳು ಬರೆದಿರಬೇಕು. ಸಿಸ್ಟರ್ ಮೊದಲು ಕಿಡ್ನಿ ನೋಡಿದರು. ಬಟ್ಟೆಗೆ ಗೀಟು ಹಾಕಲು ಗಂಡ ಬಳಸುವ ನೀಲಿ ಸೀಮೆಸುಣ್ಣದ ಬಿಲ್ಲೆಯನ್ನು ಪುಡಿ ಮಾಡಿ ಫ್ಲಷ್ ಟ್ಯಾಂಕಿಗೆ ಹಾಕಿ ಅರ್ಧ ಗಂಟೆ ಕಾದರು. ಕೆಳಗೆ ಕಮೋಡಿಗೆ ಬಣ್ಣ ಇಳಿಯಲಿಲ್ಲ. ಎಲ್ಲ ನಲ್ಲಿ ಮುಚ್ಚಿ ಮೀಟರಿನ ಮುಂದೆ ಮಣೆ ಹಾಕಿಕೊಂಡು ಕೂತರು. ಮುಳ್ಳು ಅಲುಗಲಿಲ್ಲ. ಸೋರಿಕೆ ಇಲ್ಲ ಎಂದಮೇಲೆ ಸುಳ್ಳೇ ಇರಬೇಕು.

"ನಿನ್ನಾಣೆ, ಎಲ್ಲಾ ಬರ್ದಿದೀನಿ" ಎಂದರು ಗಂಡ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಉಳಿದದ್ದು ಹಿತ್ತಲು. ಅಲ್ಲಿ ಅತ್ತೆಯ ದಾಸವಾಳ, ಬೆಂಡೆ, ಬದನೆ, ಹಳೆಯ ಡಬ್ಬಗಳಲ್ಲಿ ಇನ್ನೂ ಏನೇನೋ ಇದ್ದವು. ದಿನಕ್ಕೆ ಎಷ್ಟು ನೀರು ಹಾಕುತ್ತೀರಿ ಎಂದರೆ ಅತ್ತೆ "ಒಂದಿಷ್ಟು" ಎನ್ನುತ್ತಿದ್ದರು. ಚಾರ್ಟಿನಲ್ಲಿ ಒಂದಿಷ್ಟು ಎಂಬ ಅಳತೆ ಇರಲಿಲ್ಲ. ನೂರು ಲೀಟರ್ ಎಲ್ಲಿ ಹೋಗುತ್ತಿದೆ ಎಂದು ಗೊತ್ತಾಗುವ ತನಕ ಗಿಡಗಳಿಗೆ ನೀರಿಲ್ಲ ಎಂದು ಸಿಸ್ಟರ್ ಅಪ್ಪಣೆ ಹೊರಡಿಸಿದರು. ಅತ್ತೆ ಊಟದ ಕೋಣೆಯಲ್ಲಿ, ಕೈ ತೊಳೆಯುವ ಬೇಸಿನ್ನಿನ ಎದುರು ಕುರ್ಚಿ ಹಾಕಿಸಿಕೊಂಡು ಕೂತರು.

ನಾಲ್ಕು ದಿನ ಕಳೆಯಿತು. ಬೆಂಡೆ ಬಾಡಿತು, ಒಂದೆರಡು ಚೊಂಬು ಬಿಟ್ಟರೆ ನೂರು ಲೀಟರ್ ಮಾತ್ರ ನೂರಾಗಿಯೇ ಇತ್ತು. ಐದನೆಯ ಮಧ್ಯಾಹ್ನ ಸಿಸ್ಟರ ಕಣ್ಣು ಅತ್ತೆಯ ಪಾದದ ಮೇಲೆ ಬಿತ್ತು. ಬೆರಳಿನಿಂದ ಒತ್ತಿದರು, ಒತ್ತಿದಲ್ಲಿ ಗುಳಿ ಉಳಿಯಿತು. ಕೂತು ಕೂತು ಕಾಲು ಊದಿತ್ತು. ಎರಡು ವರ್ಷದ ಹಿಂದೆ ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಇನ್ನು ಹಾಸಿಗೆಯೇ ಗತಿ ಎಂದಿದ್ದರು ಡಾಕ್ಟರು. ಸಿಸ್ಟರ್ ಬೈದು, ಪುಸಲಾಯಿಸಿ, ಕಂಕುಳಿಗೆ ಕೈ ಕೊಟ್ಟು, ಆರು ತಿಂಗಳಲ್ಲಿ ಅವರನ್ನು ಹಿತ್ತಲಿನವರೆಗೆ ನಡೆಸಿದ್ದರು.

"ಅತ್ತೆ, ನೀವು ನಾಲ್ಕು ದಿನದಿಂದ ನಡೆದೇ ಇಲ್ವಾ?"

"ನಡೆದು ಎಲ್ಲಿಗೆ ಹೋಗ್ಲಿ ಕಣೇ? ಒಣಗಿದ ಗಿಡ ನೋಡೋಕಾ?"

ಸಿಸ್ಟರ್ ತಮ್ಮ ಕೈಯಾರೆ ಎಬ್ಬಿಸಿದವರನ್ನು ತಾವೇ ಕೂರಿಸಿದ್ದರು, ಅದೂ ಒಂದು ಚಾರ್ಟಿಗೋಸ್ಕರ. ಅಭ್ಯಾಸಬಲದಿಂದ ಎದ್ದು ಬೇಸಿನ್ನಿನ ಕಡೆ ಹೋದರು. ಕೈ ತೊಳೆದು ತಿರುಗುವಷ್ಟರಲ್ಲಿ ಅತ್ತೆ ಪಕ್ಕದಲ್ಲಿಟ್ಟುಕೊಂಡಿದ್ದ ಮಗನ ಹೊಲಿಗೆ ಡಬ್ಬಿಯಿಂದ ಒಂದು ಅಂಗಿ ಗುಂಡಿ ತೆಗೆದು ಮಡಿಲಿಗೆ ಹಾಕಿಕೊಂಡರು.

"ಇದೇನು ಅತ್ತೆ?"

"ಬೇಜಾರಾಗಿತ್ತು, ಎಣಿಸ್ತಿದ್ದೆ. ಇವತ್ತು ಇದು ಹದಿನಾರನೇ ಸಲ ನೀನು ಕೈ ತೊಳೆದದ್ದು."

"ಕೈ ತೊಳೆಯೋದೂ ನೀರು ಖರ್ಚು ಮಾಡೋದಾ ಅತ್ತೆ?"

ಸಿಸ್ಟರ್ ಇದನ್ನು ನಿಜವಾಗಿಯೂ ಕೇಳಿದ್ದರು. ಕಣ್ಣು ಮಿಟುಕಿಸಿದ್ದನ್ನು ಯಾರಾದರೂ ಬರೆದಿಡುತ್ತಾರೆಯೇ? ವಾರ್ಡಿನ ನಲ್ಲಿಗೆ ಉದ್ದನೆಯ ಹಿಡಿ; ಮೊಣಕೈಯಲ್ಲೇ ತೆರೆದು ಮೊಣಕೈಯಲ್ಲೇ ಮುಚ್ಚಬಹುದು. ಮನೆಯದು ತಿರುಗಿಸುವ ನಲ್ಲಿ. ತೊಳೆದ ಕೈಯಲ್ಲಿ ಅದನ್ನು ಮುಟ್ಟಿದರೆ ಕೈ ಮತ್ತೆ ಮೈಲಿಗೆ. ಹಾಗಾಗಿ ಸೋಪು ಹಚ್ಚಿ, ಉಗುರಿನ ಸಂದು ತಿಕ್ಕಿ, ಮೊಣಕೈವರೆಗೆ ತೊಳೆದು, ಒರೆಸಿಕೊಂಡು, ಆ ಟವೆಲಿನಿಂದಲೇ ಮುಚ್ಚುವ ತನಕ ನಲ್ಲಿ ತನ್ನ ಪಾಡಿಗೆ ಸುರಿಯುತ್ತಿತ್ತು. ಚಾರ್ಟ್ ಬರೆಯುವ ಮೊದಲೊಮ್ಮೆ, ಬರೆದ ಮೇಲೊಮ್ಮೆ.

ಸಿಸ್ಟರ್ ಬೇಸಿನ್ನಿನ ಕೊಳವೆ ಬಿಚ್ಚಿ ಕೆಳಗೆ ಬಕೆಟ್ ಇಟ್ಟು, ಎಂದಿನಂತೆ ಕೈ ತೊಳೆಯುತ್ತ ಹೋದರು. ಸಂಜೆಯೊಳಗೆ ಎರಡು ಬಕೆಟ್ ತುಂಬಿ ನಿಂತವು.

"ಮೊದಲ ದಿನವೇ ಹೇಳಬಾರದಿತ್ತಾ ಅತ್ತೆ?"

"ನನ್ನ ಎಬ್ಬಿಸಿ ನಡೆಸಿದ್ದು ಅದೇ ಕೈ ಅಲ್ವಾ. ಅದಕ್ಕೆ ನಾನು ಹೆಂಗೆ ಹೆಸರಿಡ್ಲಿ?"

ವಾರ್ಡಿನಲ್ಲಿ ತಪ್ಪು ಮಾಡಿದವರು ಅದನ್ನು ಕಾಗದದಲ್ಲಿ ಬರೆದು ಹಿರಿಯರ ಮುಂದೆ ಓದಬೇಕು. ಸಿಸ್ಟರ್ ಈ ನಿಯಮದಡಿ ಎಷ್ಟೋ ಹುಡುಗಿಯರನ್ನು ಅಳಿಸಿದ್ದರು. ಈಗ ತಾವೇ ಕುರ್ಚಿಯ ಮುಂದೆ ನೆಟ್ಟಗೆ ನಿಂತು ಓದಿದರು: ನೂರು ಲೀಟರ್ ನನ್ನದೇ, ಗಿಡಗಳ ತಪ್ಪಿಲ್ಲ, ನಾಳೆ ಹಿಡಿ ಇರುವ ನಲ್ಲಿ ಹಾಕಿಸುತ್ತೇನೆ. ಬಾಗಿಲಲ್ಲಿ ನಿಂತಿದ್ದ ಗಂಡ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಜೋಪಾನವಾಗಿ ಕಾಲರಿಗೆ ಚುಚ್ಚಿಕೊಂಡು, ಆಮೇಲೆ ನಕ್ಕರು.

ಅತ್ತೆ ನಗಲಿಲ್ಲ. ಕುರ್ಚಿಯ ತೋಳು ಹಿಡಿದು, ಎರಡನೆಯ ಪ್ರಯತ್ನದಲ್ಲಿ ಎದ್ದು ನಿಂತರು.

"ಬಕೆಟ್ ತಗೊಂಡು ಬಾ. ದಾಸವಾಳಕ್ಕೆ ಮೊದಲು, ಸೋಪಿನ ನೀರು ಅದಕ್ಕೇನೂ ಮಾಡಲ್ಲ. ನನ್ನ ಹಿಂದೇನೇ ನಡಿ, ಅವಸರ ಮಾಡಬೇಡ."

ಮೂವತ್ತೆಂಟು ವರ್ಷ ರೋಗಿಗಳನ್ನು ನಡೆಸಿದ ಸಿಸ್ಟರ್, ಎರಡೂ ಕೈಯಲ್ಲಿ ಬಕೆಟ್ ಹಿಡಿದುಕೊಂಡು, ಅತ್ತೆ ಹೇಳಿದ ವೇಗದಲ್ಲೇ ಅವರ ಹಿಂದೆ ನಡೆದರು.