ನಳಿನಿಯ ಅಣ್ಣ ತಂದ ಹಳೆಯ ಸಿಇಟಿ ಪೇಪರುಗಳು

ನೀಟ್‌ಗೆ ಓದುತ್ತಿರುವ ಮಗಳ ಮೊಬೈಲು, ಹಿಂದಿನ ಪರೀಕ್ಷೆಗಳಲ್ಲಿ ಯಾವ ಪಾಠದಿಂದ ಎಷ್ಟು ಪ್ರಶ್ನೆ ಬಂದಿವೆ ಎಂದು ಬಣ್ಣ ಬಣ್ಣವಾಗಿ ತೋರಿಸುತ್ತಿತ್ತು. ನೋಡುತ್ತಿದ್ದಂತೆ ನಮ್ಮೂರು ಹಾರನಹಳ್ಳಿಯ ಹೊಗೆಸೊಪ್ಪಿನ ಘಾಟು ಮೂಗಿಗೆ ಬಂದಂತಾಯಿತು.

ಆಗ ನಾನು, ಪಕ್ಕದ ಮನೆಯ ನಳಿನಿ ಪಿಯುಸಿಯಲ್ಲಿದ್ದೆವು. ಇಬ್ಬರಿಗೂ ಡಾಕ್ಟರಾಗುವ ಆಸೆ. ಅವಳ ಅಣ್ಣ ಮಹೇಶ ಮೈಸೂರಿನಿಂದ ಹಳೆಯ ಸಿಇಟಿ ಪೇಪರುಗಳನ್ನು ತಂದು, ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ತಂಗಿಯ ಪಕ್ಕ ಕೂರುತ್ತಿದ್ದ. ಮತ್ತೆ ಮತ್ತೆ ಬಂದ ಪ್ರಶ್ನೆಗಳಿಗೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದ.

"ಜೆನೆಟಿಕ್ಸ್ ಬುಡಬ್ಯಾಡ ಕಣವ್ವ, ವರ್ಸ ವರ್ಸ ಕೇಳವ್ರೆ."

ಅವಳ ಕೈಯೆಲ್ಲ ಸೊಪ್ಪಿನ ಅಂಟು. ಹಾಗಾಗಿ ಹಾಳೆಯನ್ನು ಅವಳ ಕಣ್ಣ ಮುಂದೆ ತಾನೇ ಹಿಡಿದಿರುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು. ನಮ್ಮಪ್ಪ "ಓದೋದು ನಿನ್ ಕೆಲ್ಸ" ಎಂದು ಹೊಲಕ್ಕೆ ಹೊರಟುಬಿಡುತ್ತಿದ್ದರು.

ಒಂದು ದಿನ ನಾನು ಬೇಲಿಯಾಚೆ ನಿಂತದ್ದನ್ನು ಕಂಡು ಮಹೇಶ ಕರೆದ. "ಬಾರವ್ವ, ನೀನೂ ಕೂತ್ಕೊ. ಪೇಪರೇನು ಸವೆದೋಯ್ತದಾ?"

ಅಂದಿನಿಂದ ದಿನವೂ ಕೂತೆ. ಅವನು ಕೇಳಿದ್ದಕ್ಕೆಲ್ಲ ನಳಿನಿಗಿಂತ ಮೊದಲೇ ಉತ್ತರ ಕೊಟ್ಟೆ. ನನಗೆ "ಭೇಷ್" ಎನ್ನುತ್ತಿದ್ದ, ಏಳುವಾಗ ತಲೆ ಸವರುತ್ತಿದ್ದದ್ದು ಮಾತ್ರ ತಂಗಿಯದು.

ಮೆಡಿಕಲ್ ಸೀಟು ನನಗೆ ಸಿಕ್ಕಿತು, ನಳಿನಿಗೆ ಸಿಗಲಿಲ್ಲ. ಸುದ್ದಿ ಬಂದ ದಿನ ಅವಳು ಅಣ್ಣನ ಹೆಗಲಿಗೆ ಒರಗಿ ಅಳುತ್ತಿದ್ದಳು. "ಓಗ್ಲಿ ಬುಡವ್ವ, ನಾನಿಲ್ವಾ?" ಎನ್ನುತ್ತಿದ್ದ. ನಮ್ಮ ಮನೆಯವರೆಲ್ಲ ಹೊಲದಲ್ಲಿದ್ದರು. ಗೆದ್ದ ನಾನು ಒಬ್ಬಳೇ ನಿಂತು ಅವರನ್ನು ನೋಡುತ್ತಿದ್ದೆ.

ಈಗ ಊರಿಗೆ ಹೋದರೆ ಎಲ್ಲರೂ ಡಾಕ್ಟ್ರಮ್ಮ ಎನ್ನುತ್ತಾರೆ. ಆ ಅಣ್ಣ ತಂಗಿ ಜಗಲಿಯಲ್ಲಿ ಕೂತು ನಗುವುದು ಕಂಡರೆ, ನನಗೆ ಇವತ್ತಿಗೂ ಹೊಟ್ಟೆಕಿಚ್ಚು.