ಉತ್ತರದ ಹಾಳೆ ನನ್ ಜೋಬಲ್ಲಿತ್ತು

ನಮ್ಮನೇಲಿ ಓದೋಳು ಅಂದ್ರೆ ನನ್ ತಂಗಿ ಒಬ್ಳೇಯ. ನಾನು ಏಳ್ನೇ ಕ್ಲಾಸ್ಗೇ ಪುಸ್ತಕ ಬುಟ್ಟು ಕಿರಂಗೂರಲ್ಲಿ ಗದ್ದೆಗೆ ಇಳ್ದೋನು. ಅವ್ಳು ಶ್ರೀರಂಗಪಟ್ಟಣದಲ್ಲಿ ಪಿಯುಸಿ ಪರೀಕ್ಷೆ ಬರ್ದು, ಡಾಕ್ಟ್ರಾಯ್ತೀನಿ ಅಂತ ನೀಟ್ ಪರೀಕ್ಷೆಗೆ ಅರ್ಜಿ ಹಾಕಿದ್ಲು. ನೀಟ್ಗೆ ಇನ್ನಾರು ವಾರ ಇತ್ತು. ಆ ಆರು ವಾರ ಮೈಸೂರಿಗೆ ಕೋಚಿಂಗ್ಗೆ ಹೋಗೋದಾ, ಮನೇಲೇ ಕೂತು ಓದೋದಾ? ಮನೇಲಿ ಇದೇ ಜಗಳ.

ಅವ್ಳು ಮನೇಲೇ ಓದ್ತೀನಿ ಅಂದ್ಲು. ನಾನು ಬ್ಯಾಡ ಅಂದೆ. ಮನೇಲಿ ಓದುದ್ರೆ ಏನಾಯ್ತದೆ ಅಂತ ನಂಗೊತ್ತು. ನಾನು ಓದಿದ್ದೂ ಅಂಗೇ ಅಲ್ವಾ?

"ನೀನು ಪುಸ್ತಕನ ತಲೆದಿಂಬು ಮಾಡ್ಕಂಡು ಮಲಗ್ತಿದ್ದೆ ಕಣಣ್ಣಯ್ಯ. ಅದು ಓದೋದಾ?"

"ಬಾಯ್ಮುಚ್ಚಮ್ಮಿ. ಪ್ಯಾಟೆ ಮಕ್ಳೆಲ್ಲಾ ಕೋಚಿಂಗ್ಗೆ ಹೋಯ್ತಾವ್ರೆ. ಅವ್ರೇನು ದಡ್ರಾ?"

ನಮ್ಮಪ್ಪ ಜಗಲಿ ಮೇಲೆ ಎಲೆಅಡ್ಕೆ ಅಗೀತಾ ಕೂತಿದ್ದ. "ಲೇ, ಕಿತ್ತಾಡೋದು ಬುಟ್ಟು ಒಂದು ಪರೀಕ್ಷೆ ಮಾಡ್ಬುಡಿ. ಸರ್ಯಾಗಿ ಯೋಳುದ್ರೆ ಮನೆ. ತಪ್ಪಾದ್ರೆ ಮೈಸೂರು" ಅಂದ.

ಕೆ.ಆರ್. ಪೇಟೆ ಮಾವನ ಮಗ ಓದಿ ಬಿಸಾಕಿದ್ದ ಗೈಡು ಒಂದಿತ್ತು. ನೂರು ಪ್ರಶ್ನೆ, ಒಂದೊಂದಕ್ಕೂ ಎ ಬಿ ಸಿ ಡಿ ಅಂತ ನಾಲ್ಕು ಉತ್ತರ. ಸರಿಯುತ್ತರದ ಪಟ್ಟಿ ಕೊನೇ ಹಾಳೇಲಿ. ಅವ್ಳು ಕದ್ದು ನೋಡ್ಬುಟ್ಟಾಳು ಅಂತ ಆ ಹಾಳೇನ ಪರ್ ಅಂತ ಹರ್ದು ಜೋಬಿಗೆ ಹಾಕ್ಕಂಡೆ. ಆ ನಾಲ್ಕು ಅಕ್ಷರ ನಂಗೆ ಬರ್ತಿದ್ವು, ಸಾಕಿತ್ತು.

ಸಂಜೆ ಹಾಲು ಕರ್ದು, ಡೇರಿಗೆ ಹೊರಡೋಕೆ ಮುಂಚೆ ಕೊಟ್ಟಿಗೆ ಮುಂದೆ ಕೂತ್ವಿ. ಅವ್ಳು ಪ್ರಶ್ನೆ ಓದ್ಕಂಡು "ಮೂರು, ಬಿ" ಅನ್ನೋಳು. ನಾನು ಹಾಳೆ ಮರೆ ಮಾಡ್ಕಂಡು ನೋಡಿ "ತಪ್ಪು" ಅನ್ನೋನು. ಇಪ್ಪತ್ತರಲ್ಲಿ ಐದು ಸರಿ ಬಂತು.

"ಆ ಮೂತ್ರಪಿಂಡದ್ದು ನಂಗೆ ಚೆನ್ನಾಗ್ ಗೊತ್ತು ಕಣಣ್ಣಯ್ಯ. ಕೊಡಿಲ್ಲಿ, ನೋಡ್ತೀನಿ."

"ಅಚ್ಚಾಗಿರೋದು ಸುಳ್ಳು, ನೀನು ನಿಜ, ಅಲ್ವಾ? ತಪ್ಪು ಅಂದ್ರೆ ತಪ್ಪು!"

ಅವತ್ತು ಅವ್ವ ಸೊಪ್ಪಿನ ಸಾರು, ಮುದ್ದೆ ಇಕ್ಕಿ ಎಷ್ಟು ಕೂಗುದ್ರೂ ಅವ್ಳು ಉಣ್ಣೋಕೆ ಬರ್ಲಿಲ್ಲ. "ನಂಗೇನೂ ಬರಕಿಲ್ಲ, ಅರ್ಜಿ ಹಾಕಿದ್ದೇ ದಂಡ" ಅಂತ ಗೋಡೆ ಕಡೆ ತಿರುಕ್ಕಂಡ್ಲು. ನಂಗೆ ಒಳಗೊಳಗೇ ಖುಸಿ. ಗೆದ್ನಲ್ಲಾ ಅಂತ.

ಸೋಮವಾರದಿಂದ ಮೈಸೂರು ಶುರು. ಬಸ್ಸಲ್ಲಿ ನಿಂತ್ಕಂಡು ಹೋಗೋದು, ನಿಂತ್ಕಂಡು ಬರೋದು. ಕರಿಘಟ್ಟದ ಮೇಲಿಂದ ಬಿಸ್ಲು ಇಳಿಯೋ ಹೊತ್ಗೆ ಬಾಡೋಗಿರೋ ಮುಖ ಹೊತ್ಕಂಡು ಮನೆಗೆ ಬರೋಳು. ಇವ್ಳಿಗೆ ಹಿಂದ್ಗಡೆ ಬೆಂಚಂತೆ. ಮೇಷ್ಟ್ರು ಇಂಗ್ಲಿಷಲ್ಲಿ ಎಕ್ಸ್‌ಪ್ರೆಸ್ ಬಸ್ಸಿನಂಗೆ ಓಡ್ತಾರಂತೆ, ಯಾರ್ ಹತ್ತುದ್ರು ಯಾರ್ ಇಳುದ್ರು ನೋಡಲ್ವಂತೆ. ನಾನು ಕಿವಿಗಾಕ್ಕಳ್ಲಿಲ್ಲ.

ಎಂಟ್ ದಿನ ಆದ್ಮೇಲೆ, ಏನ್ ಕಲ್ತವ್ಳೆ ನೋಡಮ ಅಂತ ಮುಂದಿನ ಇಪ್ಪತ್ತು ಪ್ರಶ್ನೆಗೆ ಕೂರುಸ್ದೆ. ಈ ಸಲ ನಾಲ್ಕೇ ಸರಿ.

ಅವ್ಳು ದಡಕ್ಕನೆ ಎದ್ಲು. "ಈ ಪ್ರಶ್ನೆ ಇವತ್ತು ಮಧ್ಯಾನ ಮೇಷ್ಟ್ರೇ ಬೋರ್ಡ್ ಮೇಲೆ ಮಾಡುದ್ರು! ಉತ್ರ ಡಿ! ಮೇಷ್ಟ್ರೂ ದಡ್ರಾ?"

ಹಾಳೆ ಕಿತ್ಕಂಡ್ಲು. ನೋಡುದ್ಲು. ಗೈಡಿನ ಕೊನೇಲಿ ನಾನು ಹರ್ದಿದ್ದ ಜಾಗಕ್ಕೆ ತಂದು ಜೋಡುಸ್ಕಂಡ್ಲು. ಸಾಲುಗಳ ನಂಬರೆಲ್ಲಾ ಅಲ್ಲೇ, ಹೊಲಿಗೆ ಪಕ್ಕದ ಚೂರಲ್ಲೇ ಉಳ್ಕಂಡಿದ್ವು. ನನ್ ಜೋಬಿಗೆ ಬಂದಿದ್ದು ಬರೀ ಅಕ್ಷರ.

"ಅಣ್ಣಯ್ಯ, ಇದ್ನ ಎಂಗ್ ನೋಡ್ದೆ?"

"ಎಂಗೆ ಅಂದ್ರೆ? ಮೇಲಿಂದ ಕೆಳೀಕೆ."

ಡೇರಿ ಪುಸ್ತಕದಲ್ಲಿ ಒಂದಿನದ ಹಾಲು ಬರ್ದು, ಅದ್ರ ಕೆಳಗೆ ಮಾರ್ನೇ ದಿನದ್ದು ಬರೀತಾರೆ. ನಾನು ದಿನಾ ನೋಡೋ ಪುಸ್ತಕ ಅದೊಂದೇ. ಈ ಹಾಳೇಲಿ ಒಂದೊಂದು ಸಾಲಿಗೆ ಹತ್ತತ್ತು ಉತ್ತರ, ಅಡ್ಡಡ್ಡ ಓದ್ಬೇಕಿತ್ತಂತೆ. ಅವ್ಳು ಅಡ್ಡ ಓದಿ ಮೊದ್ಲಿನ ಇಪ್ಪತ್ತನ್ನ ತಾಳೆ ನೋಡುದ್ಲು. ಹದ್ನೆಂಟು ಸರಿ ಇದ್ವು.

ಅಪ್ಪ ಬಿದ್ ಬಿದ್ ನಗಾಡ್ದ. "ಲೇ ಬಡ್ಡೆತ್ತದೆ, ಮಗೀನ ಎಂಟ್ ದಿನ ಬಸ್ಸಲ್ಲಿ ನೇತಾಕ್ಬುಟ್ಟಲ್ಲೋ!"

ಅವ್ಳು ನಗ್ಲಿಲ್ಲ. "ಎಂಟ್ ದಿನ ನಾನು ದಡ್ಡಿ ಅನ್ಕಂಡಿದ್ದೆ ಕಣಣ್ಣಯ್ಯ. ನಾಳೆಯಿಂದ ಎಲ್ಲಿ ಓದ್ಬೇಕು ಅಂತ ನಾನೇ ಯೋಳ್ತೀನಿ" ಅಂದ್ಲು.

ಮೈಸೂರು ಬುಟ್ಲು. ಆಮೇಲಿನ ವಾರಗಳ್ನ ಈಗ್ಲೂ ನೆನುಸ್ಕತಿರ್ತೀನಿ. ನಾಲೆ ಏರಿ ಮೇಲೆ ಹೊಂಗೆ ನೆಳ್ಳಲ್ಲಿ ಅವ್ಳು ಓದೋಳು, ನಾನು ಗದ್ದೆಗೆ ನೀರು ಕಟ್ಟೋನು. ಓದಿದ್ದು ಗಟ್ಟಿಯಾಗ್ಲಿ ಅಂತ ನಂಗೇ ಪಾಠ ಮಾಡೋಳು. ಗುಂಡಿಗೇಲಿ ನಾಲ್ಕು ಕೋಣೆ ಅವೆ, ಒಳಗೆ ನಮ್ಮ ತೂಬಿನಂಗೆ ಬಾಗ್ಲವೆ, ರಕ್ತ ವಾಪಸ್ ಬರಕ್ಕಿಲ್ಲ ಅಂತ ನಂಗೆ ತಿಳ್ದಿದ್ದು ಅಲ್ಲೇ, ಕೆಸರಲ್ಲಿ ನಿಂತ್ಕಂಡು. "ತೂಬು ಕೆಟ್ಟೋದ್ರೆ?" ಅಂತ ಕೇಳ್ದೆ ಒಂದಿನ. "ಅದಕ್ಕೇ ಕಣಣ್ಣಯ್ಯ ಡಾಕ್ಟ್ರು ಬೇಕಾಗಿರೋದು" ಅಂದ್ಲು.

ಸೀಟು ಸಿಕ್ತು. ಸರ್ಕಾರಿ ಕಾಲೇಜೇ. ಆಮೇಲೆ ಪಾಂಡವಪುರ, ನಾಗಮಂಗಲದ ನೆಂಟ್ರೆಲ್ಲಾ ಮಕ್ಳನ್ನ ಕರ್ಕಂಡು ಬಂದ್ರು. "ಯಾವ್ ಕೋಚಿಂಗ್ಲಾ, ಮುಚ್ಚಿಡ್ಬ್ಯಾಡ, ಯೋಳ್ಲಾ" ಅಂತಾರೆ. ಎಂಟೇ ದಿನ ಹೋಗಿದ್ದು, ಅದೂ ನನ್ ದಡ್ಡತನದಿಂದ ಅಂದ್ರೆ ಯಾರೂ ನಂಬಲ್ಲ.

ಈಗವ್ಳು ಮೂರ್ನೇ ವರ್ಷ. ರಜಕ್ಕೆ ಬಂದ್ರೆ ದಿಂಡುಗಲ್ಲಿನಂಥ ದಪ್ಪ ಪುಸ್ತಕ ತತ್ತಾಳೆ, ಒಬ್ಳೇ ಕೂತು ಓದ್ತಾಳೆ. ಅದ್ರಲ್ಲಿರೋದ್ನ ನಂಗೆ ಪಾಠ ಮಾಡೋಕ್ಕಾಗಲ್ವಂತೆ. ನಾನೂ ಕೇಳೋಕೋಗಲ್ಲ. ನೀರು ಕಟ್ಟೋವಾಗ ಮಾತ್ರ ಏರಿ ಕಡೆ ಒಂದ್ಸಲ ತಿರುಗಿ ನೋಡ್ತೀನಿ.